ಐಸಿನ ಮೇಲಿನ ನಾಲ್ಕಾಣೆ

ಕೊಡಿಗೇನಹಳ್ಳಿಯ ನಾಗಲಿಂಗಯ್ಯ ಅಂಗಡಿ ತೆರೆಯುವುದನ್ನು ನೋಡಿದರೆ ಏನೂ ತಿಳಿಯುವುದಿಲ್ಲ, ಮುಚ್ಚುವುದನ್ನು ನೋಡಬೇಕು. ಮೊದಲು ಗಲ್ಲಾಪೆಟ್ಟಿಗೆಗೆ ಬೀಗ. ಆಮೇಲೆ ಗೋಡೆಯ ಮೇಲಿನ ಶಿವನ ಪಟಕ್ಕೆ ಊದುಬತ್ತಿ. ಕಣ್ಣು ಮುಚ್ಚಿ ಕೈಮುಗಿದು, ಮುಗಿದ ಕೈಯನ್ನೇ ಹಾಗೆ ಮೇಲೆತ್ತಿ ಪಟದ ಪಕ್ಕದ ಮೇನ್ ಸ್ವಿಚ್ಚನ್ನು ಕೆಳಗೆಳೆಯುತ್ತಾನೆ. ದೇವರಿಗೆ ಶರಣು ಎಲ್ಲಿ ಮುಗಿಯಿತು, ಕರೆಂಟು ಎಲ್ಲಿ ಹೋಯಿತು ಎಂದು ಬೇರೆ ಮಾಡಿ ಹೇಳಲು ಆಗುವುದಿಲ್ಲ. ಅವನ ಅಪ್ಪನ ಕಾಲದಲ್ಲಿ ಪಕ್ಕದ ಬಟ್ಟೆ ಅಂಗಡಿ ಶಾರ್ಟ್ ಸರ್ಕ್ಯೂಟಾಗಿ ಬೂದಿಯಾಗಿತ್ತು. ಅಂದಿನಿಂದ ಆ ಮನೆಯ ಗಂಡಸರ ಕೈಗೆ ಈ ಅಭ್ಯಾಸ. ಬಂದವರು ಒಳಗಿದ್ದರೂ ಸರಿ, ಹೊತ್ತಾಯಿತೆಂದರೆ ಕೈ ಮೇಲೆ ಹೋಗುತ್ತದೆ.

ಅವನದು ರೇಷ್ಮೆ ಸಾಕುವವರಿಗೆ ಬೇಕಾದ ಸಾಮಾನಿನ ಅಂಗಡಿ. ಸುಣ್ಣ, ಬ್ಲೀಚಿಂಗ್ ಪುಡಿ, ಬಲೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ. ಹುಳುವಿಗೆ ಏನೇ ಆಗಲಿ, ಸುತ್ತಲ ಹಳ್ಳಿಯವರು ಮೊದಲು ಓಡಿಬರುವುದು ಇಲ್ಲಿಗೇ. ಬಂದವರು ಬೆಂಚಿನ ಮೇಲೆ ಕೂತು ಗೋಳು ಹೇಳಿಕೊಳ್ಳಬೇಕು, ಅವನು ತಲೆಯಾಡಿಸಬೇಕು. ಹೀಗೆ ನಡೆದು ಬಂದಿತ್ತು, ಎದುರಿನ ಮಳಿಗೆಗೆ ಶಿರಾದಿಂದ ನದೀಮ್ ಬರುವವರೆಗೂ.

ನದೀಮ್ ಹಾಲಿನ ಅಂಗಡಿ ಇಟ್ಟ. ಇಟ್ಟುಕೊಳ್ಳಲಿ. ಐಸ್‌ಕ್ರೀಂ ಇಟ್ಟ, ಬಾದಾಮಿ ಹಾಲು ಇಟ್ಟ, ನಾಗಲಿಂಗಯ್ಯ ಸಹಿಸಿಕೊಂಡ. ಅದರ ಮೇಲೊಂದು ಕೊರಿಯರ್ ಏಜೆನ್ಸಿ ಇಟ್ಟ ನೋಡಿ, ಅಲ್ಲಿಂದ ನಿದ್ದೆ ಕೆಟ್ಟಿತು. ಹಿಂದೂಪುರದ ಬಸ್ಸಿಗೆ ಕಾಯುವವರು, ಮಧುಗಿರಿಯ ಬಸ್ಸಿಳಿದವರು, ಪಾರ್ಸೆಲ್ ಬಂತಾ ಎನ್ನುವವರು, ಎಲ್ಲರೂ ಈಗ ಆ ಕಡೆ. ಅವನ ಬೆಂಚಿನ ಗಿರಾಕಿಗಳೇ ಬ್ಲೀಚಿಂಗ್ ಪುಡಿ ಕೊಂಡು, ಚೀಲ ಇಲ್ಲೇ ಬಿಟ್ಟು, ಬಾದಾಮಿ ಹಾಲಿಗೆ ರಸ್ತೆ ದಾಟುತ್ತಿದ್ದರು. ತನ್ನ ಅಂಗಡಿಯನ್ನು ಲಗೇಜು ಇಡುವ ಜಾಗ ಮಾಡಿಕೊಂಡಿದ್ದಾರಲ್ಲ ಎಂದು ಅವನಿಗೆ ಒಳಗೊಳಗೇ ಕುದಿತ.

"ಆ ನದೀಮಂದು ಕುರ್ಚಿ ನೋಡಿದ್ಯಾ?" ಎಂದು ಹೆಂಡತಿ ನಾಗರತ್ನಮ್ಮನನ್ನು ಕೇಳಿದ. ಮನೆ ಅಂಗಡಿಯ ಹಿಂದೆಯೇ. ಅವಳು ನಡುಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಕುರ್ಚಿಗೇನಾಗೈತೆ?"

"ತಿರುಗ್ತದೆ."

"ನೀವು ದಿನಾ ಕುತ್ಗೆ ತಿರುಗುಸ್ಕೊಂಡು ಅತ್ಲಾಗೇ ನೋಡ್ತೀರಲ್ಲ, ಅದ್ಕಿಂತ ಕಮ್ಮಿ ತಿರುಗ್ತದೆ ಬುಡಿ," ಎಂದಳು.

ಇಷ್ಟರಲ್ಲೇ ನಿಂತಿದ್ದರೆ ಕಾಲ ಸವೆಯುತ್ತಿತ್ತು. ಆದರೆ ಬೇಸಿಗೆಗೆ ಲೋಹಿತಾ ಬಂದಳು.

ಲೋಹಿತಾ ನಾಗರತ್ನಮ್ಮನ ತಮ್ಮನ ಮಗಳು, ಕೊರಟಗೆರೆ ಕಡೆಯ ಹೊಳವನಹಳ್ಳಿಯವಳು. ರೇಷ್ಮೆಹುಳುವಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹುಳುಗಳಿಗೆ ಸಪ್ಪೆ ರೋಗ ಬರುತ್ತದಲ್ಲ, ಸೊಪ್ಪು ತಿನ್ನುವುದು ಬಿಟ್ಟು ಮೆತ್ತಗಾಗಿ ಸಾಯುತ್ತವಲ್ಲ, ಅದನ್ನು ತಡೆಯಲು ಪೆಪ್ಟೈಡ್ ಎಂಬ ಪದಾರ್ಥ ಕೆಲಸಕ್ಕೆ ಬರುತ್ತದೋ ಇಲ್ಲವೋ ನೋಡಬೇಕಿತ್ತು. ಪ್ರೋಟೀನಿನ ಚಿಕ್ಕ ತುಂಡು ಅದು. ದೂರದ ಲ್ಯಾಬಿನಿಂದ ಆರ್ಡರ್ ಮಾಡಿ ತರಿಸಿ, ಸೊಪ್ಪಿಗೆ ಸವರಿ, ಊರಾಚೆಯ ಗಂಗಯ್ಯನ ಹುಳುಮನೆಯಲ್ಲಿ ಕೆಲವು ತಟ್ಟೆಗಳಿಗೆ ಕೊಡುವುದೆಂದು ಏರ್ಪಾಟಾಗಿತ್ತು.

ನಾಗಲಿಂಗಯ್ಯನ ಮನಸ್ಸು ಒಂದೇ ಸಲಕ್ಕೆ ಮುಂದೋಡಿತು. ಸ್ವಂತ ನೆಂಟರ ಹುಡುಗಿ, ರೇಷ್ಮೆಯ ಕೆಲಸ. ಔಷಧಿ ತನ್ನ ಅಂಗಡಿಯಲ್ಲಿರುತ್ತದೆ, ನೋಡಲು ಜನ ಬರುತ್ತಾರೆ, ಬೆಂಚು ತುಂಬುತ್ತದೆ. ನಾಳೆ ಅದು ಗೆದ್ದರೆ, ಈ ಅಂಗಡಿಯಿಂದ ಗೆದ್ದದ್ದು ಎಂದಾಗುತ್ತದೆ.

ಲೋಹಿತಾ ಬಸ್ಸಿಳಿದವಳು ಮಾವನಿಗೆ ನಮಸ್ಕಾರ ಹೇಳಿ, ಬ್ಯಾಗು ಬೆಂಚಿನ ಮೇಲಿಟ್ಟು, ನೇರ ರಸ್ತೆ ದಾಟಿದಳು. ಪಾರ್ಸೆಲ್ ಬರಬೇಕಾಗಿದ್ದುದು ನದೀಮನ ಏಜೆನ್ಸಿಗೆ.

ಪಾರ್ಸೆಲ್ ಮಾತ್ರ ಬರಲಿಲ್ಲ. ಬೆಂಗಳೂರಿಂದ ಹೊರಟಿತು ಎಂದು ಮೊಬೈಲಿನಲ್ಲಿ ತೋರಿಸಿತು. ಆಮೇಲೆ ಹಿಂದೂಪುರದಲ್ಲಿದೆ ಎಂದಿತು. ಯಾರೋ ಗಡಿಯ ಆಚೆಯ ಊರೆಂದು ತಿಳಿದು ಆಂಧ್ರದ ಚೀಲಕ್ಕೆ ಹಾಕಿದ್ದರು. ಅಲ್ಲಿಂದ ಪಾವಗಡಕ್ಕೆ ಹೋಯಿತು, ಪಾವಗಡದಲ್ಲಿ ಭಾನುವಾರ ಕಳೆಯಿತು, ಹಬ್ಬದ ರಜೆಯನ್ನೂ ಕಳೆಯಿತು, ಆಮೇಲೆ ಏನು ತೋಚಿತೋ ಶಿರಾಕ್ಕೆ ಹೋಯಿತು. ಲೋಹಿತಾ ದಿನವೂ ನದೀಮನ ಅಂಗಡಿಯಲ್ಲಿ ಕಾದಳು. ನದೀಮ್ ಅವಳಿಗೆ ತನ್ನ ತಿರುಗುವ ಕುರ್ಚಿ ಬಿಟ್ಟುಕೊಟ್ಟು, ತಾನು ಹಾಲಿನ ಕ್ರೇಟಿನ ಮೇಲೆ ಕೂತು, ಊರೂರಿಗೆ ಫೋನು ಮಾಡಿದ.

"ಅರೆ ಭಾಯ್, ಅದು ಗಾಡಿ ಪಾರ್ಟ್ ಅಲ್ಲ, ಔಷಧಿ. ಬಿಸ್ಲಲ್ಲಿ ಇಡ್ಬೇಡಿ, ಜರಾ ನೆರಳಿಗೆ ಹಾಕಿ," ಎಂದು ಅವನು ಪಾವಗಡದವರೊಂದಿಗೆ ಅರ್ಧ ಉರ್ದುವಿನಲ್ಲಿ ಜಗಳವಾಡುವುದು ಈಚೆಗೂ ಕೇಳುತ್ತಿತ್ತು.

ನಾಗಲಿಂಗಯ್ಯನಿಗೆ ಪಾರ್ಸೆಲ್ ತಡವಾದಷ್ಟೂ ಹಿತವಾಗುತ್ತಿತ್ತು. ಬಂದವರಿಗೆಲ್ಲ ಹೇಳಿದ: "ತಣ್ಣಗಿರ್ಬೇಕಾದ್ದು ಕಣ್ಲಾ ಅದು. ನದೀಮ ಅದ್ನ ಮೂರು ತಾಲ್ಲೂಕು ಬಿಸ್ಲಲ್ಲಿ ಮೆರವಣಿಗೆ ಮಾಡ್ಸವ್ನೆ. ಇನ್ನೇನ್ ಉಳ್ದಿರ್ತದೆ."

ಬರೀ ಮಾತಾಡಿ ಕೂರುವವನಲ್ಲ ಅವನು. ಹಿಂದೂಪುರದಲ್ಲಿ ಐಸ್‌ಕ್ರೀಂ ವ್ಯಾಪಾರ ಬಿಟ್ಟವನೊಬ್ಬನಿಂದ ಹಳೆಯ ಡೀಪ್ ಫ್ರೀಜರ್ ಹಿಡಿದು ತಂದ. ಪಕ್ಕಕ್ಕೆ ಅಂಟಿಸಿದ್ದ ಮಾವಿನ ಐಸ್‌ಕ್ರೀಮಿನ ಚಿತ್ರ ಅರ್ಧ ಕಿತ್ತುಹೋಗಿತ್ತು. ಮುಚ್ಚಳದ ರಬ್ಬರು ಅಲ್ಲಲ್ಲಿ ಬಾಯಿಬಿಟ್ಟಿತ್ತು. ಆದರೆ ಗುರ್ರೆನ್ನುವ ಸದ್ದು ರಸ್ತೆಯಾಚೆಗೂ ಕೇಳುವಂತಿತ್ತು. ಅದಕ್ಕೇ ಅವನು ಅದನ್ನು ಬಾಗಿಲ ಪಕ್ಕದಲ್ಲೇ ಇಡಿಸಿದ್ದು.

ಕೊನೆಗೊಂದು ದಿನ ಪಾರ್ಸೆಲ್ ಬಂತು. ಒಳಗಿದ್ದ ಐಸಿನ ಪೊಟ್ಟಣಗಳು ಸ್ನಾನದ ನೀರಿನಷ್ಟು ಬೆಚ್ಚಗಾಗಿದ್ದವು. ನಾಗಲಿಂಗಯ್ಯ ರಸ್ತೆ ದಾಟಿ ಹೋಗಿ, ಎಲ್ಲರೆದುರು ಒಂದನ್ನು ಮುಟ್ಟಿ, ನಾಲಿಗೆ ಲೊಚಗುಟ್ಟಿದ.

"ಹೋಯ್ತು ಬುಡಮ್ಮ."

"ಇಲ್ಲ ಮಾವ," ಎಂದಳು ಲೋಹಿತಾ. ಬೆರಳುದ್ದದ ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಸುಣ್ಣದ ಬಿಲ್ಲೆಯಂತೆ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. "ಒಣಗಿರೋ ಪುಡಿ ಇದು. ತೇವ ಒಳಗೆ ಹೋಗಿಲ್ಲ, ಮುದ್ದೆ ಆಗಿಲ್ಲ. ದಾರೀಲಿ ಇಷ್ಟು ದಿನ ಆದ್ರೂ ತಡ್ಕೊಳ್ಳುತ್ತೆ. ನೀರು ಹಾಕಿ ಕರಗಿಸಿದ ಮೇಲೆ ಇದಕ್ಕೆ ಬಾಣಂತಿ ಆರೈಕೆ ಬೇಕು. ಒಂದ್ಸಲ ಐಸ್ ಮಾಡಿದ್ರೆ, ಸೊಪ್ಪಿಗೆ ಹಾಕೋವರೆಗೂ ಐಸಾಗೇ ಇರ್ಬೇಕು. ಕರಗಿ ಐಸಾಗಿ, ಕರಗಿ ಐಸಾಗಿ ಆಡಿದ್ರೆ ಕೆಲಸಕ್ಕೆ ಬಾರದಂಗೆ ಆಗುತ್ತೆ."

"ನಮ್ ಫ್ರೀಜರಲ್ಲಿ ಇಡಿ ಮೇಡಂ, ಖಾಲಿ ಐತೆ ಒಂದು ಮೂಲೆ," ಎಂದ ನದೀಮ್.

ನಾಗಲಿಂಗಯ್ಯ ನಡುವೆ ಬಾಯಿ ಹಾಕಿದ. "ಕುಲ್ಫಿ ಪಕ್ಕ ಇಡ್ತೀಯೇನಮ್ಮ? ಸ್ವಂತ ಮಾವ ನಿಂಗೋಸ್ಕರ ಪೆಟ್ಟಿಗೆ ತಂದವ್ನೆ."

ನೆಂಟಸ್ತನದ ಮಾತು ಬಂದ ಮೇಲೆ ಆ ಹುಡುಗಿ ಏನು ಹೇಳಿಯಾಳು. ಮಾವನ ಅಂಗಡಿಗೇ ಬಂದು, ಪುಡಿ ಕರಗಿಸಿ, ಒಂದೊಂದು ದಿನಕ್ಕೆ ಒಂದೊಂದರಂತೆ ಚಿಕ್ಕ ಚಿಕ್ಕ ನಳಿಕೆಗಳಿಗೆ ಹಂಚಿ, ಫ್ರೀಜರಿನಲ್ಲಿಟ್ಟಳು. ಅತ್ತೆಯಿಂದ ಟೀ ಕುಡಿಯುವ ಗಾಜಿನ ಲೋಟ ಇಸಿದುಕೊಂಡು ನೀರು ತುಂಬಿ ಅದನ್ನೂ ಇಟ್ಟಳು. ಸಂಜೆಯ ಬಸ್ಸಿಗೆ ಹೊರಡುವ ಮುಂಚೆ ನೀರು ಕಲ್ಲಾಗಿತ್ತು.

"ಮಾವ, ಒಂದು ಕಾಯಿನ್ ಕೊಡಿ."

ಗಲ್ಲಾದಿಂದ ಚಲಾವಣೆಯಲ್ಲಿರುವ ನಾಣ್ಯ ಕೊಡಲು ಅವನ ಕೈ ಬರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ನಾಲ್ಕಾಣೆ ಕೊಟ್ಟ. ಅವಳು ಅದನ್ನು ಐಸಿನ ಮೇಲಿಟ್ಟು, "ಇದು ಮೇಲೇ ಇರಬೇಕು, ನೋಡ್ಕೊಳ್ಳಿ," ಎಂದಳು. ಆ ಹೊತ್ತಿಗೆ ಎದುರು ಅಂಗಡಿಗೆ ಆಂಧ್ರದ ಕಾರೊಂದು ಬಂದು ನಿಂತಿತ್ತು. ಯಾರು, ಏನು ಕೊಳ್ಳುತ್ತಾರೆ ಎಂದು ನೋಡುವುದರಲ್ಲಿ ಅವನಿಗೆ ಮಾತು ಅರ್ಧ ಕೇಳಿತು. ನೀರಿನ ಮೇಲೆ ಕಾಸಿಡುವುದು ಕಳಶದ ಹಾಗೆ ಏನೋ ಶಾಸ್ತ್ರವಿರಬೇಕು ಎಂದುಕೊಂಡ. ಓದಿದರೂ ಹುಡುಗಿಗೆ ದೈವಭಕ್ತಿ ಇದೆಯಲ್ಲ ಎಂದು ಖುಷಿಯಾಯಿತು.

ಅವಳು ಕಾಲೇಜಿಗೆ ಹೋದಳು. ದಿನಾ ಮಧ್ಯಾಹ್ನ ಗಂಗಯ್ಯ ಫ್ಲಾಸ್ಕು ಹಿಡಿದು ಬಂದು ಕಲ್ಲಿನಂತಿರುವ ಒಂದು ನಳಿಕೆ ಒಯ್ಯುತ್ತಿದ್ದ. ನಾಗಲಿಂಗಯ್ಯನ ಬೆಂಚು ತುಂಬತೊಡಗಿತು. ಬಂದವರಿಗೆಲ್ಲ ಮುಚ್ಚಳ ತೆಗೆದು ತೋರಿಸುವುದು, ಹೊಗೆಯಂಥ ತಂಪು ಮುಖಕ್ಕೆ ಹೊಡೆಯುವುದು, ಅವರು ಹಿಂದೆ ಸರಿಯುವುದು. ಅವನ ಜೀವಮಾನದಲ್ಲೇ ಅಂಥ ದಿನಗಳು ಬಂದಿರಲಿಲ್ಲ. ಸಂಜೆ ಅದೇ ತೃಪ್ತಿಯಲ್ಲಿ ಊದುಬತ್ತಿ ಹಚ್ಚುತ್ತಿದ್ದ, ಕೈಮುಗಿಯುತ್ತಿದ್ದ, ಕೈ ಮೇಲೆತ್ತುತ್ತಿದ್ದ.

ಹುಳುಗಳು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ಸೊಪ್ಪು ಮುಕ್ಕುವ ಹೊತ್ತಿಗೆ ಗಂಗಯ್ಯ ಬರಿಗೈಯಲ್ಲಿ ಬಂದು ಕೂತ. "ಔಸ್ದಿ ಹಾಕಿದ ತಟ್ಟೇಲೂ ಸಪ್ಪೆ, ಹಾಕ್ದಿರೋ ತಟ್ಟೇಲೂ ಸಪ್ಪೆ. ಒಂದೇ ಸಮ ಸಾಯ್ತಾವೆ."

"ನಾ ಅವತ್ತೇ ಹೇಳಿರ್ಲಿಲ್ವಾ," ಎಂದ ನಾಗಲಿಂಗಯ್ಯ, ಎದುರಿಗೆ ಕೇಳುವಷ್ಟು ಗಟ್ಟಿಯಾಗಿ. "ದಾರೀಲೇ ಬೆಂದೋಗಿತ್ತು. ಕೊರಿಯರ್ ಮಾಡೋರಿಗೆ ಜವಾಬ್ದಾರಿ ಇರ್ಬೇಕು."

ನದೀಮ್ ಕ್ರೇಟಿನ ಮೇಲೆ ಕೂತಿದ್ದವನು ತಲೆ ತಗ್ಗಿಸಿದ. ಅವನೂ ಹಾಗೇ ನಂಬಿದ್ದ. ಆ ತಗ್ಗಿದ ತಲೆಯನ್ನು ನೋಡಿ ನಾಗಲಿಂಗಯ್ಯನಿಗೆ ಊಟ ರುಚಿಸಿತು.

ಮಾರನೆಯ ದಿನ ಹೊತ್ತೇರಿದ ಮೇಲೆ ಲೋಹಿತಾಳ ಫೋನು ಬಂತು, ಅತ್ತೆಗೆ. ನಾಗರತ್ನಮ್ಮ ಕೇಳಿಸಿಕೊಂಡು ಗಂಡನಿಗೆ ಒಪ್ಪಿಸಿದಳು. "ಸಂಜೆ ಬತ್ತಾಳಂತೆ. ಲೋಟದ ನಾಲ್ಕಾಣೆ ಮ್ಯಾಲೈತಾ ನೋಡ್ಬೇಕಂತೆ. ಮ್ಯಾಲಿದ್ರೆ ಪೆಟ್ಟಿಗೆ ಚೆನ್ನಾಗಿತ್ತು ಅಂತ. ಒಂದ್ಸಲ ಐಸು ಕರಗಿ ನೀರಾಗಿದ್ರೂ ಕಾಸು ಮುಳುಗಿರ್ತದಂತೆ. ಆಮೇಲೆ ಎಷ್ಟು ಐಸಾದ್ರೂ ಕೆಳಗೇ ಇರ್ತದಲ್ಲ."

ಹೆಂಡತಿ ಒಳಗೆ ಹೋದ ಮೇಲೆ ಅವನು ಮುಚ್ಚಳ ತೆಗೆದ. ಲೋಟದ ಮೇಲ್ಗಡೆ ಏನೂ ಇರಲಿಲ್ಲ. ತಳದಲ್ಲಿ, ಗಾಜಿಗೆ ಅಂಟಿಕೊಂಡು, ನಾಲ್ಕಾಣೆ ಅವನನ್ನೇ ನೋಡುತ್ತಿತ್ತು.

ನಿಧಾನವಾಗಿ ಅವನ ಕಣ್ಣು ಶಿವನ ಪಟಕ್ಕೆ ಹೋಯಿತು, ಪಟದ ಪಕ್ಕಕ್ಕೆ ಹೋಯಿತು. ಸಂಜೆ ಎಳೆದದ್ದು, ಬೆಳಿಗ್ಗೆ ಎತ್ತಿದ್ದು. ಬೇಸಿಗೆಯ ರಾತ್ರಿಗಳು, ಬಾಯಿಬಿಟ್ಟ ರಬ್ಬರು. ಗಂಗಯ್ಯ ಬರುವ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮತ್ತೆ ಕಲ್ಲು.

ಇನ್ನೊಬ್ಬನಾಗಿದ್ದರೆ ತಲೆಗೆ ಕೈಹೊತ್ತು ಕೂರುತ್ತಿದ್ದ. ನಾಗಲಿಂಗಯ್ಯನ ಕಣ್ಣಿಗೆ ಕಂಡದ್ದು ನಿಜ ಹೊರಬಿದ್ದರೆ ನಾಳೆ ಆಗುವುದು: ಎದುರಂಗಡಿಯ ಫ್ರೀಜರು, ಅದರಲ್ಲಿ ಲೋಹಿತಾಳ ನಳಿಕೆಗಳು, ಸುತ್ತ ತನ್ನ ಬೆಂಚಿನ ಜನ. ಲೋಟವನ್ನು ಬಿಸಿನೀರಿಗೆ ಹಿಡಿದು ಕಾಸು ಬಿಡಿಸಿಕೊಂಡ. ಹೊಸ ನೀರು ತುಂಬಿ ಇಟ್ಟ. ಸಂಜೆಗೆ ಐಸಾಯಿತು. ಅದೇ ನಾಲ್ಕಾಣೆಯನ್ನು ನಡುಮಧ್ಯಕ್ಕೆ, ಹಣೆಗೆ ಬೊಟ್ಟಿಟ್ಟಂತೆ, ಇಟ್ಟ.

ಲೋಹಿತಾ ಬಂದಳು, ಮುಚ್ಚಳ ತೆಗೆದಳು, ನೋಡಿದಳು. ಲೋಟ ಎತ್ತಿ ಬೆಳಕಿಗೆ ಹಿಡಿದಳು.

"ನಿಮ್ಮ ಫ್ರೀಜರ್ ಸರಿಯಾಗಿದೆ ಮಾವ. ಇದೊಂದೇ ಸರಿಯಾಗಿದ್ದಿದ್ದು."

"ಮತ್ತೆ? ದಾರಿ ತಡ ಆಗಿದ್ದೇ ಕಾರಣ."

"ಅಲ್ಲ. ಅದೇ ಪಾರ್ಸೆಲಲ್ಲಿ ಬಂದ ಇನ್ನೊಂದು ಬಾಟ್ಲಿ ಕಾಲೇಜಲ್ಲಿ ಪರೀಕ್ಷೆ ಮಾಡಿಸ್ದೆ. ಪುಡಿ ಕೆಟ್ಟಿಲ್ಲ. ನದೀಮ್ ಅಣ್ಣಂದೇನೂ ತಪ್ಪಿಲ್ಲ." ಅವಳು ನಳಿಕೆಗಳ ಡಬ್ಬಿಯನ್ನು ಹೊರತೆಗೆದು ಕೌಂಟರಿನ ಮೇಲಿಟ್ಟಳು. "ದಾರೀಲಿ ಕೆಟ್ಟಿಲ್ಲ, ಇಲ್ಲೂ ಕೆಟ್ಟಿಲ್ಲ ಅಂದ್ರೆ ಔಷಧಿಯೇ ಕೆಲಸ ಮಾಡಲ್ಲ ಅಂತಾಯ್ತು. ಇಲ್ಲಿಗೆ ಬಿಡ್ತೀನಿ ಮಾವ. ನಮ್ಮ ಸರ್‌ಗೆ ಬರೆದುಹಾಕ್ತೀನಿ. ಎರಡು ವರ್ಷದ್ದು... ಹೋಗ್ಲಿ. ಇದನ್ನ ಚೆಲ್ಬಿಡಿ."

ರಸ್ತೆ ದಾಟಿ ನದೀಮನಿಗೂ ಹೇಳಿ ಬಂದಳು. ಅವನು ಬಾದಾಮಿ ಹಾಲು ಕೊಟ್ಟ, ಅವಳು ಕುಡಿಯಲಿಲ್ಲ. ಅದನ್ನೂ ನಾಗಲಿಂಗಯ್ಯ ಗಮನಿಸಿದ. ಔಷಧಿ ನದೀಮನ ಫ್ರೀಜರಿಗೂ ಹೋಗುವುದಿಲ್ಲ ಎಂಬುದು ಮೊದಲು ತಿಳಿದದ್ದು, ತಿಳಿದು ಸ್ವಲ್ಪ ಸಮಾಧಾನವಾದದ್ದು ಅವನಿಗೆ. ತನ್ನ ಬೆಂಚೂ ನಾಳೆಯಿಂದ ಖಾಲಿ ಎಂಬುದು ಆಮೇಲೆ ಹೊಳೆಯಿತು. ಹುಡುಗಿ ಬೆಂಚಿನ ತುದಿಯಲ್ಲಿ ಬ್ಯಾಗು ತಬ್ಬಿ ಮಧುಗಿರಿ ಬಸ್ಸಿಗೆ ಕಾಯುತ್ತಿದ್ದಳು. ಹೇಳಿಬಿಡಲೇ ಎಂದು ಒಮ್ಮೆ ಬಾಯಿಗೆ ಬಂತು. ಎದುರಿನ ಕುರ್ಚಿ ಒಂದು ಸುತ್ತು ತಿರುಗಿತು; ಮಾತು ಹಾಗೇ ಕೆಳಗಿಳಿಯಿತು.

ಹೊತ್ತಾಯಿತು. ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ. ಊದುಬತ್ತಿ ಹಚ್ಚಿದ. ಕಣ್ಣು ಮುಚ್ಚಿ ಇವತ್ತು ಸ್ವಲ್ಪ ಹೆಚ್ಚೇ ಹೊತ್ತು ಕೈಮುಗಿದ. ಕೈ ಮೇಲೆ ಹೋಯಿತು.

ದೀಪ ಆರಿತು. ಬಾಗಿಲ ಪಕ್ಕದ ಗುರ್ರೆನ್ನುವ ಸದ್ದು ಒಮ್ಮೆ ಗೊಣಗಿ ನಿಂತಿತು. ಆ ಮೌನ ಎಷ್ಟು ದೊಡ್ಡದಿತ್ತೆಂದರೆ ಎದುರಂಗಡಿಯ ಫ್ರೀಜರಿನ ಸದ್ದು ಸಣ್ಣಗೆ ಕೇಳಿತು.

ಲೋಹಿತಾ ತಲೆಯೆತ್ತಿದಳು. "ಕರೆಂಟ್ ಹೋಯ್ತಾ ಮಾವ?"

ರಸ್ತೆಯ ದೀಪ ಉರಿಯುತ್ತಿತ್ತು. ನದೀಮನ ಅಂಗಡಿ ಜಗಮಗಿಸುತ್ತಿತ್ತು. ನಾಗಲಿಂಗಯ್ಯನ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

"ಮಾವ," ಎಂದಳು ನಿಧಾನವಾಗಿ, "ದಿನಾ ಹಿಂಗೇ ಮಾಡ್ತೀರಾ?"

"ಅಪ್ಪನ ಕಾಲ್ದಿಂದ್ಲೂ," ಎಂದಳು ನಡುಬಾಗಿಲಿಂದ ನಾಗರತ್ನಮ್ಮ.

"ಮತ್ತೆ ಕಾಯಿನ್ ಮೇಲಿತ್ತಲ್ಲ ಅತ್ತೆ."

"ಬೆಳಿಗ್ಗೆ ಬಚ್ಚಲಲ್ಲಿ ಬಿಸ್ನೀರು ಉಯ್ಕೊತಿದ್ರು, ಲೋಟಕ್ಕೆ. ನಾಲ್ಕಾಣೆಗೆ ಈಜು ಕಲಿಸ್ತಿದ್ರೇನೋ ಕಣಮ್ಮ, ನಿಮ್ಮ ಮಾವನ್ನೇ ಕೇಳು."

ಬೈಗುಳಕ್ಕೆ ಅವನು ಕತ್ತು ಒಡ್ಡಿ ನಿಂತ. ಬೈಗುಳ ಬರಲಿಲ್ಲ. ಹುಡುಗಿ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಂತೆ. "ಹಂಗಾದ್ರೆ ಔಷಧಿ ಸುಳ್ಳಲ್ಲ. ದಿನಾ ಕರಗಿ ಕರಗಿ ಸತ್ತಿರೋದು. ಇನ್ನೊಂದ್ಸಲ ನೋಡ್ಬಹುದು." ಮಧುಗಿರಿ ಬಸ್ಸು ಬಂದು, ಹಾರನ್ ಹೊಡೆದು, ಹೋಯಿತು. ಅವಳು ಅದನ್ನು ನೋಡಲೂ ಇಲ್ಲ. ಆ ಹಾಳು ನಗುಮುಖ ಹೊತ್ತು ರಸ್ತೆ ದಾಟಿದಳು. "ನದೀಮ್ ಅಣ್ಣ, ನಿಮ್ಮ ಆ ಮೂಲೆ ಇನ್ನೂ ಖಾಲಿ ಇದೆಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತನ್ನ ತಪ್ಪಿನಿಂದ ಅವಳಿಗೆ ಆದ ಸಂತೋಷವೆಲ್ಲ ಎದುರಂಗಡಿಯಲ್ಲಿ ಖರ್ಚಾಗುವುದನ್ನು ನೋಡಬೇಕಾಯಿತಲ್ಲ, ಅದು ಅವನನ್ನು ಬಹಳ ಸುಟ್ಟಿತು. ಈ ಸಲ ಬಾದಾಮಿ ಹಾಲನ್ನು ಅವಳು ಪೂರ್ತಿ ಕುಡಿದಳು.

ಗಂಗಯ್ಯನ ಹುಳುಮನೆಯಲ್ಲಿ ಹೊಸ ಬೆಳೆ ಎದ್ದಿತು. ಹೊಸ ನಳಿಕೆಗಳು ನದೀಮನ ಫ್ರೀಜರಿನಲ್ಲಿ, ಕುಲ್ಫಿಯ ಪಕ್ಕದಲ್ಲೇ, ಕೂತವು. ಪಕ್ಕಕ್ಕೊಂದು ಲೋಟ. ಲೋಟದ ಮೇಲೆ ಅದೇ ನಾಲ್ಕಾಣೆ. ಅವನದ್ದೇ ಕಾಸು, ಅವನ ಕಣ್ಣೆದುರಿಗೇ ಆಚೆ ಹೋಗಿ ಕೂತಿತ್ತು. ನಾಗಲಿಂಗಯ್ಯ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರುವ ಕೆಲಸ ಹೆಂಡತಿಯಿಂದ ತಾನೇ ವಹಿಸಿಕೊಂಡ. ಹಾಲು ಕೇಳುವುದು, ಫ್ರೀಜರಿನ ಗಾಜಿನ ಮುಚ್ಚಳದ ಮೇಲೆ ಬಗ್ಗುವುದು.

"ಇವತ್ತೂ ಮೇಲೇ ಐತೆ ಯಜಮಾನ್ರೆ," ಎನ್ನುತ್ತಿದ್ದ ನದೀಮ್, ಚಿಲ್ಲರೆ ಎಣಿಸುತ್ತಾ. "ನಾಳೆ ನೋಡಾಣ."

"ನಾ ಹಾಲಿಗೆ ಬಂದಿದ್ದು," ಎನ್ನುತ್ತಿದ್ದ ನಾಗಲಿಂಗಯ್ಯ.

ಹೀಗಿರುವಾಗ ನದೀಮನ ತಂಗಿ ತಮನ್ನಾಳ ಮದುವೆ ಶಿರಾದಲ್ಲಿ ನಿಶ್ಚಯವಾಯಿತು. ಹೊರಡುವ ಬೆಳಿಗ್ಗೆ ಅವನು ರಸ್ತೆ ದಾಟಿ ಬಂದು ಬೀಗದ ಕೈ ಕೌಂಟರಿನ ಮೇಲಿಟ್ಟ. "ಲೋಹಿತಾ ಮೇಡಂ ನಿಮ್ಗೇ ಕೊಡಿ ಅಂದ್ರು. ಬೇರೆ ಏನೂ ಬೇಡ. ಸಂಜೆ ಶಟರ್ ಎಳೀರಿ. ಮೇನ್ ಕಡೆ ಮಾತ್ರ ಹೋಗ್ಬೇಡಿ."

ಆ ದಿನ ನಾಗಲಿಂಗಯ್ಯ ತಿರುಗುವ ಕುರ್ಚಿಯಲ್ಲಿ ಕೂತ. ಕುರ್ಚಿ ಅವನು ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು, ಅದಕ್ಕೂ ಹೊಟ್ಟೆ ಉರಿಯಿತು. ಸಂಜೆ ಗಲ್ಲಾಕ್ಕೆ ಬೀಗ ಹಾಕಿದ. ಊದುಬತ್ತಿ ಇರಲಿಲ್ಲ, ಸುಮ್ಮನೆ ಗೋಡೆಗೆ ಕೈಮುಗಿದ. ಕೈ ತಾನಾಗಿ ಮೇಲೆ ಹೋಗಿ ಸ್ವಿಚ್ಚಿನ ಹತ್ತಿರ ನಿಂತಿತು. ಒಂದೇ ಒಂದು ಸಲ ಎಳೆದರೆ ಬೆಳಗಾಗುವಷ್ಟರಲ್ಲಿ ನಾಲ್ಕಾಣೆ ತಳದಲ್ಲಿರುತ್ತದೆ, ನದೀಮನ ಹೆಸರೂ ಅದರ ಜೊತೆಗೆ. ಕೈ ಹಾಗೇ ಇತ್ತು. ಆದರೆ ಬೀಗದ ಕೈ ಯಾರ ಹತ್ತಿರ ಇತ್ತು ಎಂದು ಇಡೀ ಕೊಡಿಗೇನಹಳ್ಳಿಗೆ ಗೊತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ಕೆಳಗಿಳಿಸಿಕೊಂಡು, ಅದನ್ನು ಕಂಕುಳಲ್ಲಿ ಇರುಕಿಕೊಂಡೇ ಹೊರಗೆ ಬಂದು, ಒಂದೇ ಕೈಯಲ್ಲಿ ಶಟರ್ ಎಳೆದ.

ಬೆಳಿಗ್ಗೆ ಗಂಗಯ್ಯ ಬರುವ ಮುಂಚೆಯೇ ತೆಗೆದು ನೋಡಿದ. ನಾಲ್ಕಾಣೆ ಮೇಲೇ ಇತ್ತು. ಅವನ ಮುಖ ಕೊಂಚ ಸಣ್ಣಗಾಯಿತು.

ಹಾಲಿಗೆ ಬಂದ ಮೊದಲ ಗಿರಾಕಿಗೆ ಮುಚ್ಚಳದೊಳಗೆ ಬೆರಳು ತೋರಿಸಿ ಹೇಳಿದ: "ನೋಡ್ದಾ? ನಾನಿದ್ದಿದ್ಕೆ ನಿಂತೈತೆ."